ಟೀ ಕುಡಿದು ಬಂದರೆ ಹಾರ್ಡ್ ಡಿಸ್ಕ್ ತಡವರಿಸುತ್ತದೆ, ಕೆಟ್ಟಿದೆಯಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಸಣ್ಣ ಫೋಟೋ ಸ್ಟುಡಿಯೋ. ಮದುವೆ ಫೋಟೋಗಳೆಲ್ಲ ಕಂಪ್ಯೂಟರಿನ ಎರಡನೇ ಹಾರ್ಡ್ ಡಿಸ್ಕ್‌ನಲ್ಲಿವೆ. ಅರ್ಧ ಗಂಟೆ ಬಿಟ್ಟು ಬಂದು ಫೋಲ್ಡರ್ ತೆರೆದರೆ ಏಳೆಂಟು ಸೆಕೆಂಡ್ ಎಲ್ಲಾ ನಿಂತುಬಿಡುತ್ತದೆ, ಗುಂಯ್ ಅಂತ ಸದ್ದು ಬೇರೆ. ಡಿಸ್ಕ್ ಹೋಗುತ್ತಿದೆಯಾ?

ಉತ್ತರ: ಹೆದರಬೇಡಿ. ಡಿಸ್ಕ್ ಮಲಗಿತ್ತು, ಈಗ ಏಳುತ್ತಿದೆ. 20 ನಿಮಿಷ ಯಾರೂ ಮುಟ್ಟದಿದ್ದರೆ ಹಾರ್ಡ್ ಡಿಸ್ಕ್ ನಿಲ್ಲಲಿ ಅಂತ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಹೊಂದಿಸಿರುತ್ತಾರೆ. ನೀವು ಫೋಲ್ಡರ್ ಒತ್ತಿದ ಮೇಲೆ ಒಳಗಿನ ತಟ್ಟೆ ಮತ್ತೆ ನಿಮಿಷಕ್ಕೆ 5,400 ಅಥವಾ 7,200 ಸುತ್ತಿನ ವೇಗಕ್ಕೆ ಬರಬೇಕು. ಅಲ್ಲಿವರೆಗೆ ಒಂದು ಫೋಟೋ ಕೂಡ ಕಾಣುವುದಿಲ್ಲ. ಮುಂದಿನ ಸಲ ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟು ನೋಡಿ. ಫ್ಯಾನಿನ ನಡುಕದ ಜೊತೆ ಇನ್ನೊಂದು ಸಣ್ಣ ನಡುಕ ಸೇರಿಕೊಳ್ಳುತ್ತದೆ. ಅದು ಒಂದೇ ಸಮ ಆಗುತ್ತಿದ್ದಂತೆ ಫೋಲ್ಡರ್ ತೆರೆದುಕೊಳ್ಳುತ್ತದೆ.

ಸ್ಟಾರ್ಟ್‌ನಲ್ಲಿ 'ಎಡಿಟ್ ಪವರ್ ಪ್ಲಾನ್' ಅಂತ ಹುಡುಕಿ, 'ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್' ಒತ್ತಿ. ಹಾರ್ಡ್ ಡಿಸ್ಕ್ ಅನ್ನುವುದರ ಕೆಳಗೆ 20 ಇದ್ದ ಜಾಗಕ್ಕೆ 0 ಹಾಕಿ. ಅದು 'ನೆವರ್' ಆಗುತ್ತದೆ. ಕರೆಂಟ್ ಬಿಲ್ ಚಿಂತೆ ಬೇಡ. ದೊಡ್ಡ ಡಿಸ್ಕ್ ಮಲಗಿದರೆ ಉಳಿಯುವುದು ಸುಮಾರು 4 ವ್ಯಾಟ್. ದಿನಕ್ಕೆ 10 ಗಂಟೆ ಪೂರ್ತಿ ಮಲಗಿಸಿದರೂ ತಿಂಗಳಿಗೆ ಬೆಸ್ಕಾಂ ಬಿಲ್‌ನಲ್ಲಿ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸ್ಟುಡಿಯೋದಲ್ಲಿ ದಿನಕ್ಕೆ ಹತ್ತಾರು ಸಲ ನಿಲ್ಲಿಸಿ ಎಬ್ಬಿಸುವುದಕ್ಕಿಂತ ತಿರುಗುತ್ತಲೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ, ಕ್ಯಾಬಿನೆಟ್‌ಗೆ ಗಾಳಿ ಆಡುವಂತೆ ಇಡಿ. ರಾತ್ರಿ ಕಂಪ್ಯೂಟರ್ ಆಫ್ ಮಾಡಿ. ಬ್ಯಾಟರಿ ಮೇಲೆ ಓಡುವ ಲ್ಯಾಪ್‌ಟಾಪ್ ಆದರೆ ಮಾತ್ರ ಈ ಸೆಟ್ಟಿಂಗ್ ಮುಟ್ಟಬೇಡಿ.

ಯುಎಸ್‌ಬಿ ಡಿಸ್ಕ್ ಕತೆ ಬೇರೆ. ಎಷ್ಟೋ ಡಿಸ್ಕ್‌ಗಳ ಒಳಗೇ ಮಲಗುವ ಲೆಕ್ಕ ಇರುತ್ತದೆ, ವಿಂಡೋಸ್‌ನಲ್ಲಿ 0 ಹಾಕಿದರೂ ಕೇಳುವುದಿಲ್ಲ. ಅದನ್ನು ಡಿಸ್ಕ್ ಕಂಪನಿಯ ಸಾಫ್ಟ್‌ವೇರ್‌ನಲ್ಲೇ ಬದಲಿಸಬೇಕು. ಡಿಸ್ಕ್ ಆಗಾಗ ಮಾಯವಾಗಿ ಮತ್ತೆ ಬರುತ್ತಿದ್ದರೆ ಅದೇ ಪವರ್ ಪಟ್ಟಿಯಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ನಿಲ್ಲಿಸಿ ನೋಡಿ.

ಇಷ್ಟು ಮಾಡಿದ ಮೇಲೂ ಕೆಲಸದ ನಡುವೆ ತಡವರಿಸಿದರೆ, ಅಥವಾ ಗುಂಯ್ ಬದಲು ಟಕ್, ಟಕ್ ಅಂತ ಬಡಿದಂತೆ ಕೇಳಿದರೆ, ಅದು ನಿದ್ದೆಯಲ್ಲ. ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ. ಗಿರಾಕಿಗೆ ಇನ್ನೂ ಕೊಡದ ಮದುವೆಗಳ ಫೋಲ್ಡರ್‌ಗಳನ್ನು ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.