ಕಾಯಿಸಿದ ಮಾತ್ರಕ್ಕೆ ಡೀಸೆಲ್ ಆಗುವುದಿಲ್ಲ

ಪ್ಲಾಸ್ಟಿಕ್ ಕವರನ್ನೋ ಹಳೇ ಇಂಜಿನ್ ಆಯಿಲನ್ನೋ ಡ್ರಮ್ಮಿನಲ್ಲಿ ಕಾಯಿಸಿ ಡೀಸೆಲ್ ಮಾಡುವ ವಿಡಿಯೊ ನೋಡಿ ನನ್ನ ಹತ್ತಿರ ಬರುವವರು ಜಾಸ್ತಿಯಾಗಿದ್ದಾರೆ. ಎಲ್ಲರದ್ದೂ ಒಂದೇ ಮಾತು: "ರಿಫೈನರಿಯಲ್ಲೂ ಕಾಯಿಸೋದೇ ತಾನೇ ಸಾರ್?"

ಕಾಯಿಸುವುದೇನೋ ಹೌದು. ಆದರೆ ಅಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲ ಗೋಪುರದಲ್ಲಿ ಕಚ್ಚಾ ತೈಲವನ್ನು ಬೇರ್ಪಡಿಸುತ್ತಾರೆ, ಅಷ್ಟೇ. ಎಣ್ಣೆಯ ಅಣು ಅಂದರೆ ಹೈಡ್ರೋಜನ್ ಹೊತ್ತ ಕಾರ್ಬನ್ ಸರಪಳಿ. ಗಿಡ್ಡದ್ದು ಮೇಲೆ, ಉದ್ದದ್ದು ಕೆಳಗೆ. ಅಲ್ಲಿ ಸರಪಳಿ ಮುರಿಯಬಾರದು. ಅದಕ್ಕೇ ಎಣ್ಣೆಯನ್ನು ಸುಮಾರು 370 ಡಿಗ್ರಿ ಸೆಲ್ಸಿಯಸ್ ದಾಟಿಸುವುದಿಲ್ಲ. ತಳದಲ್ಲಿ ಉಳಿದದ್ದಕ್ಕೆ ಬೆಂಕಿ ಹೆಚ್ಚಿಸುವುದಿಲ್ಲ, ಒತ್ತಡ ಇಳಿಸಿ ಕುದಿಸುತ್ತಾರೆ. ಎರಡನೆಯದು ಕ್ರ್ಯಾಕಿಂಗ್. ಇಲ್ಲಿ ಬೇಕೆಂದೇ ಸರಪಳಿ ಮುರಿಯುತ್ತಾರೆ. ಒಂದು ಜರಡಿ ಹಿಡಿಯುವ ಕೆಲಸ, ಇನ್ನೊಂದು ಬೀಸುವ ಕೆಲಸ. ಡ್ರಮ್ಮಿನವರು ಜರಡಿ ಹಿಡಿಯುತ್ತಿದ್ದೇವೆ ಅಂದುಕೊಂಡು ಬೀಸುತ್ತಿರುತ್ತಾರೆ.

ಮುರಿದರೆ ಏನಾಯಿತು ಅಂತೀರಾ? ಹೈಡ್ರೋಜನ್ ಲೆಕ್ಕ ತಪ್ಪುತ್ತದೆ. ಇದನ್ನು ನಾನು ಪೇಪರ್ ಮೇಲೆ ಬರೆದು ತೋರಿಸುತ್ತೇನೆ, ಆದರೂ ತಲೆ ಆಡಿಸಿ ಹೋಗಿಬಿಡುತ್ತಾರೆ. ಇನ್ನೊಮ್ಮೆ ನೋಡಿ. ಡೆಕೇನ್ ಅನ್ನುವ ಎಣ್ಣೆ ಅಣುವಿನಲ್ಲಿ 10 ಕಾರ್ಬನ್, 22 ಹೈಡ್ರೋಜನ್. ಅದರಿಂದ 8 ಕಾರ್ಬನ್ನಿನ ಆಕ್ಟೇನ್ ಬಂತು ಅನ್ನಿ. ಅದು 18 ಹೈಡ್ರೋಜನ್ ಒಯ್ಯುತ್ತದೆ. ಉಳಿದದ್ದು 2 ಕಾರ್ಬನ್, 4 ಹೈಡ್ರೋಜನ್. ಈಥೇನ್ ಆಗಲು 6 ಬೇಕಿತ್ತು. ಎರಡು ಕಮ್ಮಿ ಬಿದ್ದದ್ದರಿಂದ ಆ ಕಾರ್ಬನ್‌ಗಳು ತಮ್ಮೊಳಗೇ ಜೋಡಿಬಂಧ, ಅಂದರೆ ಒಂದರ ಬದಲು ಎರಡು ಕೊಂಡಿ, ಹಾಕಿಕೊಂಡು ಎಥಿಲೀನ್ ಆಗುತ್ತವೆ. ಸರಪಳಿ ಎಲ್ಲಿ ಮುರಿದರೂ ಈ ಕೊರತೆ ತಪ್ಪಿದ್ದಲ್ಲ, ಹೊರಗಿನಿಂದ ಹೈಡ್ರೋಜನ್ ಕೊಡುವ ತನಕ. ಕಚ್ಚಾ ತೈಲದಲ್ಲಿ ಜೋಡಿಬಂಧದ ಇಂಥ ಅಣುಗಳು ಇಲ್ಲವೆನ್ನುವಷ್ಟು ಕಡಿಮೆ. ಇವು ಮುರಿದಾಗ ಹುಟ್ಟುವಂಥವು.

ರಿಫೈನರಿಗೆ ಇದು ಆದಾಯ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ಕ್ರ್ಯಾಕರ್‌ನಿಂದ, ಅಂದರೆ ಕ್ರ್ಯಾಕಿಂಗ್ ಘಟಕದಿಂದ, ಬರುವ ಇಂಥದ್ದೇ ಜೋಡಿಬಂಧದ ಪ್ರೊಪಿಲೀನ್ ಅಲ್ಲೇ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಆಗುತ್ತದೆ. ಡ್ರಮ್ಮಿನವರಿಗೆ ಇದೇ ತಲೆನೋವು. ಗಾಳಿ ತಾಗಿದರೆ ಈ ಅಣುಗಳು ಸುಮ್ನೆ ಇರುವುದಿಲ್ಲ, ಒಂದಕ್ಕೊಂದು ಅಂಟಿ ಗೋಂದಾಗುತ್ತವೆ. ಒಬ್ಬರು ಜೇನಿನ ಬಣ್ಣದ "ಡೀಸೆಲ್" ತಂದಿದ್ದರು. ಪೈಪು ಬಾಗಿಸಿ ಕಂಡೆನ್ಸರ್ ಅವರೇ ಮಾಡಿದ್ದರು, ವೆಲ್ಡಿಂಗ್ ನೋಡಿ ನನಗೇ ಖುಷಿಯಾಯಿತು. ಕೆಲವು ವಾರದಲ್ಲಿ ಬಾಟಲಿ ಕಪ್ಪಾಗಿ ತಳದಲ್ಲಿ ಗಸಿ ಕೂತಿತು. ಅಷ್ಟರಲ್ಲಿ ಅವರು ಜನರೇಟರ್‌ಗೂ ಹಾಕಿ, ಇಂಜೆಕ್ಟರ್ ಕಟ್ಟಿಕೊಂಡಿತ್ತು. "ಬಣ್ಣ ಚೆನ್ನಾಗಿತ್ತಲ್ವಾ ಸಾರ್" ಅಂದರು, ಪಾಪ.

ಬರೀ ಶಾಖದಿಂದ ಮುರಿಯುವುದು ಹಳೆಯ ವಿದ್ಯೆ. ಅಮೆರಿಕದಲ್ಲಿ ವಿಲಿಯಂ ಬರ್ಟನ್ 1913ರಲ್ಲೇ ಅದಕ್ಕೆ ಪೇಟೆಂಟ್ ಪಡೆದರು. ಈಗಿನ ಕ್ರ್ಯಾಕರ್‌ನಲ್ಲಿ ಪುಡಿ ವೇಗವರ್ಧಕದ ಜೊತೆ 500 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡಿನ ಕೆಲಸ. ಪುಡಿಗೆ ಹತ್ತಿದ ಕೋಕನ್ನು, ಅಂದರೆ ಇದ್ದಿಲಿನಂಥ ಕಾರ್ಬನ್ನನ್ನು, ಪಕ್ಕದ ಪಾತ್ರೆಯಲ್ಲಿ ಸುಡುತ್ತಾರೆ, ಆ ಶಾಖವೇ ಮತ್ತೆ ಕ್ರ್ಯಾಕಿಂಗ್‌ಗೆ ಬರುತ್ತದೆ. ಡ್ರಮ್ಮಿನಲ್ಲಿ ಕೋಕು ತಳಕ್ಕೆ ಕಚ್ಚಿ ತಗಡು ಕೆಂಪಗೆ ಕಾಯುತ್ತದೆ. ತಣಿಯದ ಗ್ಯಾಸು ಬೆಂಕಿಯ ಪಕ್ಕದಲ್ಲೇ ಸೋರುತ್ತಿರುತ್ತದೆ. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ.

ಮುರಿದು ಬಂದ ಡೀಸೆಲನ್ನು ರಿಫೈನರಿ ನೇರವಾಗಿ ಬಂಕಿಗೆ ಕಳಿಸುವುದಿಲ್ಲ. ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಜೋಡಿಬಂಧ ತುಂಬಿಸುತ್ತಾರೆ. ಗಂಧಕವನ್ನೂ ತೆಗೆಯುತ್ತಾರೆ. ಏಪ್ರಿಲ್ 2020ರಿಂದ ವಾಹನದ ಹೊಗೆಯ ಬಿಎಸ್-6 ನಿಯಮದ ಲೆಕ್ಕದಲ್ಲಿ ಅದರ ಮಿತಿ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಪಾಲು. ಹಿತ್ತಲಲ್ಲಿ ಹೈಡ್ರೋಜನ್ ಎಲ್ಲಿಂದ ತರುತ್ತೀರಿ?

ಪ್ಲಾಸ್ಟಿಕ್‌ನಿಂದ ಎಣ್ಣೆ ತೆಗೆಯುವ ಘಟಕಗಳೆಲ್ಲ ದಂಡ ಅನ್ನುತ್ತಿಲ್ಲ. ಪರವಾನಗಿ ಇದ್ದು, ಒಳ್ಳೆಯ ಕಚ್ಚಾ ಮಾಲು ಸಿಕ್ಕಿ, ಎಣ್ಣೆಯನ್ನು ಕುಲುಮೆಗೆ ಉರಿಸುವಷ್ಟಕ್ಕೆ ಮಾರಿದರೆ ನಡೆಯಬಹುದು. ಮಾಲಿನಲ್ಲಿ ಪಿವಿಸಿ, ಅಂದರೆ ನೀರಿನ ಪೈಪಿನ ಕ್ಲೋರಿನ್ ಇರುವ ಪ್ಲಾಸ್ಟಿಕ್, ಬೆರೆತಿದ್ದರೆ ಮಾತ್ರ ಮುಟ್ಟಲೇಬೇಡಿ. ಅದರಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನೂ ಬಿಡುವುದಿಲ್ಲ, ಆ ಚೆಂದದ ವೆಲ್ಡಿಂಗನ್ನೂ ಬಿಡುವುದಿಲ್ಲ.