ಹೊಳೆದ ದಿನ, ಓಡಿದ ದಿನ

ಜೇಮ್ಸ್ ವಾಟ್ ಎಂದ ಕೂಡಲೇ ಆ ಕೆಟಲ್ ಕತೆ ನೆನಪಾಗುತ್ತದೆ. ಹುಡುಗ ಒಲೆ ಮುಂದೆ ಕೂತಿದ್ದಾನೆ. ನೀರು ಕುದಿಯುತ್ತಿದೆ. ಹಬೆ ಮುಚ್ಚಳವನ್ನು ಟಕಟಕ ಕುಣಿಸುತ್ತಿದೆ. ಅಷ್ಟರಲ್ಲೇ ಅವನ ತಲೆಯಲ್ಲಿ ಹಬೆ ಎಂಜಿನ್ ಹುಟ್ಟಿಬಿಡುತ್ತದೆ! ಮಕ್ಕಳಿಗೆ ಹೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಕೂಡಿಬರುವುದಿಲ್ಲ. ವಾಟ್ ಹುಟ್ಟಿದ್ದು 1736ರಲ್ಲಿ. ಅದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕಮೆನ್ ಕಟ್ಟಿದ ಹಬೆ ಎಂಜಿನ್ ಇಂಗ್ಲೆಂಡಿನ ಡಡ್ಲಿ ಹತ್ತಿರದ ಕಲ್ಲಿದ್ದಲು ಗಣಿಯಲ್ಲಿ ನೀರೆತ್ತುತ್ತಿತ್ತು.

ದೊಡ್ಡ ದೊಡ್ಡ ಆವಿಷ್ಕಾರಕರ ಬಗ್ಗೆ ಓದುವಾಗ ನನಗೊಂದು ಚಾಳಿಯಿದೆ. ಎರಡು ತಾರೀಕು ಹುಡುಕುತ್ತೇನೆ. ಒಂದು, ವಿಷಯ ತಲೆಗೆ ಹೊಳೆದ ದಿನ. ಇನ್ನೊಂದು, ಯಾರೋ ಮೂರನೆಯವರು ದುಡ್ಡು ಕೊಟ್ಟು ಅದನ್ನು ಬಳಸಿದ ದಿನ. ಕತೆಗಳೆಲ್ಲ ಮೊದಲನೆಯದರ ಮೇಲೆಯೇ ಇರುತ್ತವೆ. ಆದರೆ ಮಜಾ ಇರುವುದು ಈ ಎರಡರ ನಡುವೆ.

ವಾಟ್‌ನದ್ದೇ ನೋಡಿ. ಅವನು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ಮಾಡುವ, ರಿಪೇರಿ ಮಾಡುವ ಕೆಲಸದಲ್ಲಿದ್ದ. 1763ರ ಸುಮಾರಿಗೆ ಅವನ ಕೈಗೆ ಒಂದು ಕೆಟ್ಟ ಸಾಮಾನು ಬಂತು. ಪಾಠ ಮಾಡುವಾಗ ತೋರಿಸಲು ಇಟ್ಟುಕೊಂಡಿದ್ದ, ನ್ಯೂಕಮೆನ್ ಎಂಜಿನ್ನಿನ ಪುಟ್ಟ ಮಾದರಿ ಅದು. ವಾಟ್ ಸರಿಮಾಡಿದ. ಹಚ್ಚಿದ. ನಾಲ್ಕಾರು ಸಲ ಮೇಲೆ ಕೆಳಗೆ ಆಡಿ ನಿಂತೇಹೋಯಿತು. ಬಾಯ್ಲರಿನಲ್ಲಿದ್ದ ಹಬೆ ಅಷ್ಟರಲ್ಲೇ ಖಾಲಿ.

ಇನ್ನೊಬ್ಬನಾಗಿದ್ದರೆ ಬಾಯ್ಲರ್ ದೊಡ್ಡದು ಮಾಡಿ ಸುಮ್ಮನಾಗುತ್ತಿದ್ದ. ವಾಟ್ ಹಬೆ ಎಲ್ಲಿ ಹೋಗುತ್ತಿದೆ ಎಂದು ಲೆಕ್ಕ ಹಾಕಲು ಕೂತ. ನ್ಯೂಕಮೆನ್ ಎಂಜಿನ್ ಕೆಲಸ ಮಾಡುತ್ತಿದ್ದುದು ಹೀಗೆ: ಸಿಲಿಂಡರಿನೊಳಗೆ ಹಬೆ ತುಂಬಬೇಕು, ಆಮೇಲೆ ಒಳಗೇ ತಣ್ಣೀರು ಚಿಮ್ಮಿಸಬೇಕು. ಹಬೆ ನೀರಾಗುತ್ತದೆ, ಒಳಗೆ ಜಾಗ ಬರಿದಾಗುತ್ತದೆ, ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಅಂದರೆ ಕೆಲಸ ಮಾಡುವುದು ಗಾಳಿ, ಹಬೆ ಬರೀ ಜಾಗ ಬಿಟ್ಟುಕೊಡುತ್ತದೆ. ತೊಂದರೆ ಏನೆಂದರೆ ಆ ತಣ್ಣೀರು ಹಬೆಯ ಜೊತೆಗೆ ಸಿಲಿಂಡರನ್ನೂ ತಣ್ಣಗೆ ಮಾಡುತ್ತಿತ್ತು. ಮುಂದಿನ ಸಲ ಬರುವ ಹಬೆಯಲ್ಲಿ ಮುಕ್ಕಾಲು ಪಾಲು ತಣ್ಣಗಾದ ಲೋಹವನ್ನು ಮತ್ತೆ ಕಾಯಿಸುವುದಕ್ಕೇ ಖರ್ಚು. ಚಿಕ್ಕ ಮಾದರಿಯಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಸಿಲಿಂಡರ್ ಚಿಕ್ಕದಾದಷ್ಟೂ ಒಳಗಿನ ಜಾಗಕ್ಕೆ ಹೋಲಿಸಿದರೆ ಗೋಡೆಯೇ ಹೆಚ್ಚು. ದೊಡ್ಡ ಎಂಜಿನ್ನಿನಲ್ಲಿ ಅಡಗಿ ಕೂತಿದ್ದ ದೋಷವನ್ನು ಆಟಿಕೆಯಂಥ ಮಾದರಿ ಬಯಲು ಮಾಡಿತ್ತು.

ಸಿಲಿಂಡರ್ ಯಾವಾಗಲೂ ಬಿಸಿಯಾಗಿರಬೇಕು. ಹಬೆ ಮಾತ್ರ ತಣ್ಣಗಾಗಬೇಕು. ಎರಡೂ ಒಂದೇ ಕಡೆ ಹೇಗೆ ಸಾಧ್ಯ? ವಾಟ್ ಸುಮಾರು ಎರಡು ವರ್ಷ ಈ ಗಂಟು ಹೊತ್ತು ತಿರುಗಿದ. 1765ರ ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಎಂಬ ಮೈದಾನದಲ್ಲಿ ನಡೆಯುತ್ತಿದ್ದಾಗ ಗಂಟು ಬಿಚ್ಚಿತು. ಒಂದೇ ಕಡೆ ಯಾಕಾಗಬೇಕು? ಪಕ್ಕದಲ್ಲಿ ಇನ್ನೊಂದು ಪಾತ್ರೆ ಇಟ್ಟು, ಹಬೆಯನ್ನು ಅಲ್ಲಿಗೆ ಎಳೆದು ತಣ್ಣಗೆ ಮಾಡಿದರಾಯಿತು. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಭಾನುವಾರ ಕೆಲಸ ಮಾಡುವ ಹಾಗಿರಲಿಲ್ಲ. ಪಾಪ, ಸೋಮವಾರದವರೆಗೆ ಕೈ ಕಟ್ಟಿ ಕೂರಬೇಕಾಯಿತು. ಆಮೇಲೆ ಒಂದು ಹಿತ್ತಾಳೆ ಸಿರಿಂಜನ್ನೇ ಸಿಲಿಂಡರ್ ಮಾಡಿಕೊಂಡು ಪರೀಕ್ಷೆ ಮಾಡಿದ. ಅಗಲ ಒಂದೂಮುಕ್ಕಾಲು ಅಂಗುಲ, ಉದ್ದ ಹತ್ತು ಅಂಗುಲ. ಚೆನ್ನಾಗಿ ಕೆಲಸ ಮಾಡಿತು.

ಹೊಳೆದದ್ದು 1765. ಇಂಥ ಎಂಜಿನ್ ಗಿರಾಕಿಗಳ ಜಾಗದಲ್ಲಿ ಓಡಿದ್ದು 1776. ನಡುವೆ ಹನ್ನೊಂದು ವರ್ಷ!

ಏನಾಯಿತು ಈ ಹನ್ನೊಂದು ವರ್ಷ? ಬಹುಪಾಲು ಸೋರಿಕೆ. ಹಳೆಯ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ಮಧ್ಯೆ ಸಂದಿ ಇದ್ದರೂ ನಡೆಯುತ್ತಿತ್ತು. ಪಿಸ್ಟನ್ ಮೇಲೆ ಒಂದಿಷ್ಟು ನೀರು ನಿಲ್ಲಿಸಿದರೆ ಸಂದಿ ಮುಚ್ಚಿಹೋಗುತ್ತಿತ್ತು. ವಾಟ್ ಹಾಗೆ ಮಾಡುವಂತಿಲ್ಲ. ನೀರು ನಿಲ್ಲಿಸಿದರೆ ಸಿಲಿಂಡರ್ ತಣ್ಣಗಾಗುತ್ತದೆ, ಅಲ್ಲಿಗೆ ಅವನ ಇಡೀ ಉಪಾಯವೇ ನೀರುಪಾಲು. ಸಂದಿಗೆ ಬೆಂಡು ತುರುಕಿದ. ಎಣ್ಣೆ ಬಟ್ಟೆ, ಕಾಗದ, ಹಳೆ ಟೋಪಿ, ಕೊನೆಗೆ ಕುದುರೆ ಲದ್ದಿಯನ್ನೂ ಬಿಡಲಿಲ್ಲ. ಆದರೂ ಹಬೆ ಬುಸ್ ಎನ್ನುತ್ತಲೇ ಇತ್ತು. ತಪ್ಪು ತುರುಕಿದ ವಸ್ತುವಿನದಲ್ಲ. ಅಷ್ಟು ದೊಡ್ಡ ಸಿಲಿಂಡರನ್ನು ನಿಜವಾಗಿ ದುಂಡಗೆ ಮಾಡುವ ವಿದ್ಯೆ ಆಗ ಯಾರಿಗೂ ಗೊತ್ತಿರಲಿಲ್ಲ. ದುಡ್ಡು ಹಾಕಿದ್ದ ಜಾನ್ ರೋಬಕ್ 1773ರಲ್ಲಿ ದಿವಾಳಿಯಾದ. ಅದೇ ವರ್ಷ ವಾಟ್‌ನ ಹೆಂಡತಿ ತೀರಿಕೊಂಡಳು. ಹೊಟ್ಟೆಪಾಡಿಗೆ ಅವನು ಕಾಲುವೆಗಳ ಸರ್ವೆ ಮಾಡಿಕೊಂಡು ಓಡಾಡುತ್ತಿದ್ದ.

ದಾರಿ ತೆರೆದದ್ದು ಫಿರಂಗಿಯ ಕಡೆಯಿಂದ. ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕಾರ್ಖಾನೆಯವನು 1774ರಲ್ಲಿ ಫಿರಂಗಿ ಕೊರೆಯುವ ಹೊಸ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಮರುವರ್ಷ ಸಿಲಿಂಡರಿಗೂ ಒಂದು ಕೊರೆಯುವ ಯಂತ್ರ ಮಾಡಿದ. ಕೊರೆಯುವ ಸರಳು ಸಿಲಿಂಡರಿನ ಈ ತುದಿಯಿಂದ ಆ ತುದಿಗೆ ತೂರಿ ಹೋಗುತ್ತಿತ್ತು, ಎರಡೂ ಕಡೆ ಅದಕ್ಕೆ ಆಸರೆ ಇತ್ತು. ಹಾಗಾಗಿ ಅಲುಗುತ್ತಿರಲಿಲ್ಲ. 50 ಅಂಗುಲ ಅಗಲದ ಸಿಲಿಂಡರಿನಲ್ಲಿ ಎಲ್ಲೂ ಒಂದು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿಲ್ಲ ಎಂದು ವಾಟ್‌ನ ಹೊಸ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಹಿಗ್ಗಿ ಬರೆದಿದ್ದಾನೆ. ನಾಣ್ಯದ ದಪ್ಪ ಅಂದರೆ ಈಗ ನಗು ಬರಬಹುದು. ಆಗ ಅದು ಪವಾಡ. 1776ರಲ್ಲಿ ಓಡಿದ ಮೊದಲ ಎಂಜಿನ್‌ಗಳಲ್ಲಿ ಒಂದನ್ನು ವಿಲ್ಕಿನ್ಸನ್ ತನ್ನ ಕುಲುಮೆಗೆ ಗಾಳಿ ಊದಿಸಲು ತಾನೇ ಹಾಕಿಸಿಕೊಂಡ. ವಾಟ್‌ನ ಹೆಸರು ವಿದ್ಯುತ್ತಿನ ಅಳತೆಗೂ ಹೋಯಿತು, ಪ್ರತಿ ಬಲ್ಬಿನ ಮೇಲೂ ಇದೆ. ವಿಲ್ಕಿನ್ಸನ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಮುದ್ರಣದ ಗುಟೆನ್‌ಬರ್ಗ್‌ನ ತಾರೀಕುಗಳು ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಅವನ ಬಗ್ಗೆ ಉಳಿದಿರುವ ದಾಖಲೆಗಳಲ್ಲಿ ಕೋರ್ಟಿನ ಕಾಗದಗಳೇ ಎದ್ದು ಕಾಣುತ್ತವೆ. 1439ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ವ್ಯಾಜ್ಯ. ಆಖೆನ್‌ಗೆ ಬರುವ ಯಾತ್ರಿಕರಿಗೆ ಪುಟ್ಟ ಕನ್ನಡಿ ಮಾಡಿ ಮಾರಲು ಪಾಲುದಾರರ ಜೊತೆ ಹೊರಟಿದ್ದ. ಯಾತ್ರೆಯೇ ಮುಂದಕ್ಕೆ ಹೋಯಿತು. ಅದೇ ವ್ಯಾಜ್ಯದಲ್ಲಿ ಒಂದು ಪ್ರೆಸ್ಸಿನ ಮಾತೂ, ಒಂದು ಗುಟ್ಟಿನ ಕೆಲಸದ ಮಾತೂ ಬರುತ್ತವೆ. ಬೈಬಲ್ ಅಚ್ಚಾಗಿ ಮುಗಿದದ್ದು ಮೈಂಟ್ಸ್ ಊರಿನಲ್ಲಿ, 1455ರ ಹೊತ್ತಿಗೆ. ಹದಿನಾರು ವರ್ಷ ಎಂದುಕೊಳ್ಳೋಣ.

ಬಿಡಿ ಅಕ್ಷರ ಜೋಡಿಸಿ ಒತ್ತುವ ಯೋಚನೆ ಅವನದೇನೂ ಅಲ್ಲ. ಚೀನಾದಲ್ಲಿ ಬಿ ಶೆಂಗ್ 1040ರ ದಶಕದಲ್ಲೇ ಸುಟ್ಟ ಮಣ್ಣಿನ ಅಕ್ಷರಗಳನ್ನು ಮಾಡಿದ್ದ. ಕೊರಿಯಾದಲ್ಲಿ 1377ರಲ್ಲಿ ಲೋಹದ ಮೊಳೆಗಳಿಂದ ಅಚ್ಚಾದ ಪುಸ್ತಕವೇ ಇದೆ. ಗುಟೆನ್‌ಬರ್ಗ್ ಗುದ್ದಾಡಿದ್ದು ವಸ್ತುಗಳ ಜೊತೆ. ಅಚ್ಚುಮೊಳೆಗೆ ಬರೀ ಸೀಸ ಸಾಲದು, ಮೆತ್ತಗಿರುತ್ತದೆ, ನಾಲ್ಕು ಸಲ ಒತ್ತುವಷ್ಟರಲ್ಲಿ ಅಕ್ಷರ ಚಪ್ಪಟೆ. ಅದಕ್ಕೆ ತವರ, ಆಂಟಿಮನಿ ಬೆರೆಸಬೇಕು. ಆಗ ಎರಕ ಸುಲಭವಾಗಿ ಕರಗುತ್ತದೆ, ಆರಿದ ಮೇಲೆ ಗಟ್ಟಿಯಾಗಿ ಅಂಚು ಚೂಪಾಗಿ ನಿಲ್ಲುತ್ತದೆ. ಇನ್ನು ಮಸಿ. ಲೇಖನಿಯ ಮಸಿ ನೀರಿನದು. ಲೋಹಕ್ಕೆ ಹಚ್ಚಿದರೆ ಹನಿಹನಿಯಾಗಿ ಜಾರಿಹೋಗುತ್ತದೆ. ಹಾಗಾಗಿ ಎಣ್ಣೆಯ ಅಂಟಾದ ಮಸಿ ಮಾಡಿಕೊಂಡ. ಆ ಬೈಬಲ್ಲಿನ ಪುಟಗಳಲ್ಲಿ ಅಕ್ಷರಗಳು ಈಗಲೂ ಮಿರಮಿರ ಕರ್ರಗಿವೆ.

ಇಷ್ಟಕ್ಕೆಲ್ಲ ಸಾಲ. ಯೋಹಾನ್ ಫುಸ್ಟ್ ಎಂಬ ಸಾಹುಕಾರ 800 ಗಿಲ್ಡರ್ ಕೊಟ್ಟ, ಆಮೇಲೆ ಇನ್ನೊಂದು 800. ಪುಸ್ತಕ ಮುಗಿಯುವ ಹೊತ್ತಿಗೆ ಸರಿಯಾಗಿ, 1455ರಲ್ಲಿ, ಬಡ್ಡಿ ಸೇರಿಸಿ 2,026 ಗಿಲ್ಡರ್ ಕೇಳಿ ದಾವೆ ಹೂಡಿದ. ಗುಟೆನ್‌ಬರ್ಗ್ ಸೋತ. ಅವನ ಕೈಕೆಳಗೆ ಕೆಲಸ ಮಾಡಿದ್ದ ಪೀಟರ್ ಶೋಫರ್ ಫುಸ್ಟ್ ಕಡೆ ಸೇರಿಕೊಂಡ. 1457ರಲ್ಲಿ ಅವರಿಬ್ಬರ ಹೆಸರು, ತಾರೀಕು ಹಾಕಿದ ಪುಸ್ತಕ ಹೊರಬಂತು. ಗುಟೆನ್‌ಬರ್ಗ್ ಹೆಸರು ಅಚ್ಚಾದ, ಅವನೇ ಮುದ್ರಿಸಿದ ಪುಸ್ತಕ ಒಂದೂ ಸಿಕ್ಕಿಲ್ಲ.

ಎಡಿಸನ್ ಇವರಿಗೆಲ್ಲ ತದ್ವಿರುದ್ಧ. ಅವನಿಗೆ ಹಿಡಿದ ಕಾಲ ಆಶ್ಚರ್ಯ ಆಗುವಷ್ಟು ಕಡಿಮೆ. 1878ರ ಶರತ್ಕಾಲದಲ್ಲಿ ಬಲ್ಬಿಗೆ ಕೈ ಹಾಕಿದ. 1879ರ ಅಕ್ಟೋಬರಿಗೆಲ್ಲ ಸುಟ್ಟು ಇಂಗಾಲವಾಗಿಸಿದ ಹತ್ತಿ ದಾರ ಗಾಜಿನ ಬುರುಡೆಯೊಳಗೆ ಗಂಟೆಗಟ್ಟಲೆ ಉರಿಯಿತು. ಹೇಗೆ ಇಷ್ಟು ಬೇಗ? ಒಂದು, ಬಲ್ಬಿನ ಯೋಚನೆ ಹಳೆಯದು. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಅದೇ ಹೊತ್ತಿಗೆ ಅದೇ ಕೆಲಸದಲ್ಲಿದ್ದ. ಎರಡು, ಗಾಳಿಯನ್ನು ಚೆನ್ನಾಗಿ ಹೊರಗೆಳೆಯುವ ಸ್ಪ್ರೆಂಗೆಲ್ ಪಂಪು 1865ರಿಂದಲೇ ಇತ್ತು. ಗಾಳಿ ಉಳಿದರೆ ಎಂಥ ಎಳೆಯೂ ಕ್ಷಣದಲ್ಲಿ ಬೂದಿ. ಮೂರನೆಯದು ದೊಡ್ಡದು: ಮೆನ್ಲೋ ಪಾರ್ಕಿನಲ್ಲಿ ಅವನ ಜೊತೆ ಒಂದು ದಂಡೇ ಇತ್ತು. ಗಣಿತಕ್ಕೆ ಫ್ರಾನ್ಸಿಸ್ ಅಪ್ಟನ್, ಕೈಗೆಲಸಕ್ಕೆ ಚಾರ್ಲ್ಸ್ ಬ್ಯಾಚ್ಲರ್, ಗಾಜು ಊದಲು ಲುಡ್ವಿಗ್ ಬೋಮ್. ವಾಟ್ ವರ್ಷಗಟ್ಟಲೆ ಹುಡುಕಿದ ಕೈಗಳನ್ನು ಎಡಿಸನ್ ಮೊದಲೇ ಸಂಬಳ ಕೊಟ್ಟು ಕೂರಿಸಿಕೊಂಡಿದ್ದ. 1,093 ಅಮೆರಿಕನ್ ಪೇಟೆಂಟುಗಳು ಅವನ ಹೆಸರಲ್ಲಿವೆ ಎಂದಾಗ ಬೆರಗಾಗುತ್ತೇವಲ್ಲ, ನನ್ನ ಪ್ರಕಾರ ಅವನ ನಿಜವಾದ ಆವಿಷ್ಕಾರ ಆ ಕಾರ್ಯಾಗಾರವೇ.

ಅವನ ಜಾಣತನ ಇನ್ನೊಂದು ಕಡೆಯೂ ಕಾಣುತ್ತದೆ. ಎಳೆ ತೆಳ್ಳಗಿರಬೇಕು, ವಿದ್ಯುತ್ತಿಗೆ ಜಾಸ್ತಿ ತಡೆ ಒಡ್ಡಬೇಕು ಎಂದು ಪಟ್ಟು ಹಿಡಿದ. ಯಾಕೆ? ತಡೆ ಜಾಸ್ತಿಯಾದರೆ ಅಷ್ಟೇ ಬೆಳಕನ್ನು ಕಡಿಮೆ ಕರೆಂಟಿನಲ್ಲಿ, ಹೆಚ್ಚಿನ ವೋಲ್ಟೇಜಿನಲ್ಲಿ ಪಡೆಯಬಹುದು. ಕರೆಂಟು ಕಡಿಮೆಯಾದರೆ ಬೀದಿಯುದ್ದಕ್ಕೂ ಎಳೆಯುವ ತಾಮ್ರದ ತಂತಿ ಸಣ್ಣದಿದ್ದರೂ ಸಾಕು. ಬಲ್ಬು ಮಾಡುವಾಗಲೇ ಅವನು ತಾಮ್ರದ ಬಿಲ್ಲು ನೋಡುತ್ತಿದ್ದ! 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾದಾಗ ಬಲ್ಬಿನೊಳಗೆ ಹತ್ತಿ ದಾರ ಇರಲಿಲ್ಲ, ಜಪಾನಿನ ಬಿದಿರಿನ ಎಳೆ ಬಂದಿತ್ತು.

ರಬ್ಬರಿನ ಚಾರ್ಲ್ಸ್ ಗುಡ್‌ಇಯರ್ ಕತೆ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಅಂಟಂಟು, ಚಳಿಯಲ್ಲಿ ಪಟಪಟ ಮುರಿಯುವ ರಬ್ಬರಿಗೆ ಗಂಧಕ ಸೇರಿಸಿ ನೋಡುತ್ತಿದ್ದಾಗ, 1839ರಲ್ಲಿ, ಅದು ಕಾದ ಒಲೆಗೆ ತಾಗಿತಂತೆ. ಕರಗುವ ಬದಲು ತೊಗಲಿನ ಹಾಗೆ ಗಟ್ಟಿಯಾಯಿತು. ರಬ್ಬರೆಂದರೆ ಸಿಕ್ಕುಬಿದ್ದ ಉದ್ದುದ್ದ ಅಣುಸರಪಳಿಗಳು. ಗಂಧಕ ಅಲ್ಲಲ್ಲಿ ಹೊಲಿಗೆ ಹಾಕಿದಂತೆ ಅವನ್ನು ಕೂಡಿಸುತ್ತದೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಪಳಗಿಸಿ ಪೇಟೆಂಟ್ ಪಡೆಯಲು ಇನ್ನೂ ಐದು ವರ್ಷ ಹಿಡಿಯಿತು. ಸಾಲಕ್ಕಾಗಿ ಹಲವು ಸಲ ಜೈಲು ಕಂಡ, 1860ರಲ್ಲಿ ಸಾಲದಲ್ಲೇ ಸತ್ತ. ಅವನ ಹೆಸರಿನ ಟೈರ್ ಕಂಪನಿ ಹುಟ್ಟಿದ್ದು 1898ರಲ್ಲಿ. ಅದಕ್ಕೂ ಅವನ ಮನೆಯವರಿಗೂ ಸಂಬಂಧವಿಲ್ಲ.

ಅದೇ ಗಂಧಕ ಇನ್ನೊಬ್ಬನ ಅಡುಗೆಮನೆಯನ್ನು ಕೆಟ್ಟ ವಾಸನೆಯಿಂದ ತುಂಬಿಸಿತ್ತು. ಚೆಸ್ಟರ್ ಕಾರ್ಲ್‌ಸನ್. ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವನ ಕೆಲಸ ಕನ್ನಡದ ಮಾತಿಗೇ ಸೇರಿಹೋಗಿದೆ. ನಾವು ‘ಜೆರಾಕ್ಸ್ ಮಾಡಿಸು’ ಎನ್ನುತ್ತೇವಲ್ಲ, ಅದು ಇವನದು. ನ್ಯೂಯಾರ್ಕಿನಲ್ಲಿ ಪೇಟೆಂಟ್ ವಿಭಾಗದ ನೌಕರಿ. ಒಂದೇ ಕಾಗದದ ನಕಲು ಎಷ್ಟಿದ್ದರೂ ಸಾಲದು. ಕಣ್ಣು ಮಂದ, ಕೀಲುನೋವು ಬೇರೆ. ಕೈಯಲ್ಲಿ ಬರೆದು ಬರೆದು ಸಾಕಾಗಿ, ಲೈಬ್ರರಿಯಲ್ಲಿ ಕೂತು ಬೆಳಕು ಮತ್ತು ವಿದ್ಯುತ್ತಿನ ಬಗ್ಗೆ ಓದಿದ.

1938ರ ಅಕ್ಟೋಬರ್ 22. ಆಸ್ಟೋರಿಯಾ ಎಂಬ ಕಡೆ ಒಂದು ಬಾಡಿಗೆ ಕೋಣೆ. ಜೊತೆಗೆ ಸಹಾಯಕ್ಕೆ ಓಟೊ ಕೊರ್ನೈ. ಗಂಧಕ ಬಳಿದ ಸತುವಿನ ಹಲಗೆಯನ್ನು ಕತ್ತಲಲ್ಲಿ ಕರ್ಚೀಫಿನಿಂದ ಜೋರಾಗಿ ಉಜ್ಜಿದರು. ಗಂಧಕದ ಮೇಲೆ ಸ್ಥಾಯಿ ವಿದ್ಯುತ್ ಕೂತಿತು. ಗಾಜಿನ ತುಂಡಿನ ಮೇಲೆ ಮಸಿಯಲ್ಲಿ ಆ ದಿನದ ತಾರೀಕು, ‘ಆಸ್ಟೋರಿಯಾ’ ಎಂಬ ಹೆಸರು ಬರೆದಿತ್ತು. ಅದನ್ನು ಹಲಗೆಯ ಮೇಲಿಟ್ಟು ಕೆಲವು ಸೆಕೆಂಡು ಪ್ರಖರ ದೀಪ ಹಿಡಿದರು. ಬೆಳಕು ಬಿದ್ದ ಕಡೆ ಗಂಧಕ ವಿದ್ಯುತ್ತನ್ನು ಬಿಟ್ಟುಕೊಟ್ಟಿತು. ಅಕ್ಷರದ ನೆರಳಿದ್ದ ಕಡೆ ಹಿಡಿದುಕೊಂಡೇ ಇತ್ತು. ಮೇಲೆ ನುಣ್ಣನೆಯ ಲೈಕೊಪೋಡಿಯಮ್ ಪುಡಿ ಉದುರಿಸಿ ಉಫ್ ಎಂದು ಊದಿದರು. ಪುಡಿಯಲ್ಲಿ ಅಕ್ಷರ ಮೂಡಿತ್ತು! ಮೇಣದ ಕಾಗದ ಒತ್ತಿ, ಬಿಸಿ ಮಾಡಿ ಎತ್ತಿದರೆ ಅಕ್ಷರ ಕಾಗದಕ್ಕೆ ಬಂತು. ಇವತ್ತಿನ ಲೇಸರ್ ಪ್ರಿಂಟರ್ ಮಾಡುವುದೂ ಮೂಲದಲ್ಲಿ ಇಷ್ಟೇ.

ಆಮೇಲೆ ಅವನು ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳ ಬಾಗಿಲು ತಟ್ಟಿದ. ಯಾರೂ ತೆರೆಯಲಿಲ್ಲ. ಕಾರ್ಬನ್ ಕಾಗದ ಇರುವಾಗ ಇದೆಲ್ಲ ಯಾಕೆ, ಅಲ್ವಾ? 1944ರಲ್ಲಿ ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆ ಕೈ ಹಿಡಿಯಿತು. ಅಲ್ಲಿಯವರು ಗಂಧಕ ಬಿಟ್ಟು ಸೆಲೆನಿಯಂ ಹಾಕಿ ನೋಡಿದರು, ಬೆಳಕಿಗೆ ಅದು ಎಷ್ಟೋ ಪಾಲು ಚುರುಕು. ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ಪಣ ತೊಟ್ಟು ದುಡ್ಡು ಸುರಿಯಿತು, ಹೆಸರನ್ನೂ ಬದಲಾಯಿಸಿಕೊಂಡಿತು. 1959ರಲ್ಲಿ ಜೆರಾಕ್ಸ್ 914 ಬಂತು. ಹೊಳೆದು, ಕೋಣೆಯಲ್ಲಿ ಮಾಡಿ ತೋರಿಸಿಯೂ 21 ವರ್ಷ.

ಸುಮಾರು 300 ಕಿಲೋ ತೂಕದ ಆ ಯಂತ್ರ ಗುಂಡಿ ಒತ್ತಿದರೆ ಸಾದಾ ಕಾಗದದ ಮೇಲೆ ನಕಲು ಕೊಡುತ್ತಿತ್ತು. ಪುಡಿಯನ್ನು ಕಾಗದಕ್ಕೆ ಅಂಟಿಸಲು ಒಳಗೆ ಹೀಟರ್ ಇತ್ತು. ಕಾಗದ ಅಲ್ಲಿ ಸಿಕ್ಕಿಕೊಂಡರೆ ಕೆಲವು ಸಲ ಹೊತ್ತಿಕೊಂಡೇಬಿಡುತ್ತಿತ್ತು. ಹಾಗಾಗಿ ಯಂತ್ರದ ಜೊತೆಗೇ ಬೆಂಕಿ ಆರಿಸುವ ಸಿಲಿಂಡರನ್ನೂ ಕೊಡುತ್ತಿದ್ದರು. ಹಾಗೆಂದರೆ ಗಿರಾಕಿಗಳು ಹೆದರುತ್ತಾರಲ್ಲ! ಅದಕ್ಕೆ ಕಂಪನಿ ಅದಕ್ಕೊಂದು ನಯವಾದ ಹೆಸರಿಟ್ಟಿತು: ಸ್ಕಾರ್ಚ್ ಎಲಿಮಿನೇಟರ್. ಕನ್ನಡದಲ್ಲಿ ಹೇಳುವುದಾದರೆ, ಸೀದದ್ದನ್ನು ನಿವಾರಿಸುವ ಸಾಧನ.