ಬೀಗರ ಗುಳಿಗೆ

ಆಳಂದ ಕಡೆಯ ತೊಗರಿ ಬೆಳೆಗಾರರೊಬ್ಬರು ಶುಗರ್‌ಗೆ ನನ್ನ ಹತ್ತಿರ ಬರುತ್ತಾರೆ. ಮೊನ್ನೆ ಕೂರುವ ಮೊದಲೇ ಕೇಳಿದರು: "ಸಾಹೇಬ್ರ, ನಮ್ಮ ಬೀಗರಿಗಿ ರಕ್ತ ತೆಳ್ಳಗ ಮಾಡೋ ಗುಳಗಿ ಕೊಟ್ಟಾರ. ನನಗ್ಯಾಕ ಇಲ್ರಿ?"

ಬೀಗರಿಗೆ ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿತ್ತು. ಇವರಿಗೆ ಆಗಿಲ್ಲ.

ಹಿಂದೆ ಶುಗರ್ ಇದ್ದು ನಲವತ್ತು ದಾಟಿದವರಿಗೆ ನಾವು ಆ ಗುಳಿಗೆ, ಅಂದರೆ ಆಸ್ಪಿರಿನ್, ಸುಮ್ನೆ ಬರೆದುಬಿಡುತ್ತಿದ್ದೆವು. ರಕ್ತ ಹೆಪ್ಪುಗಟ್ಟದಿದ್ದರೆ ಒಳ್ಳೆಯದೇ ಅಲ್ವಾ? 2018ರಲ್ಲಿ ಬ್ರಿಟನ್ನಿನ ಅಸೆಂಡ್ ಅಧ್ಯಯನ ಬಂತು. ಶುಗರ್ ಇದ್ದು ಹೃದಯದ ಕಾಯಿಲೆ ಕಾಣದ 15,480 ಜನ. ಅರ್ಧ ಜನಕ್ಕೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹಾಗೇ ಕಾಣುವ, ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. ಏಳು ವರ್ಷ ದಾಟಿದ ಮೇಲೆ ನೋಡಿದರೆ, ಹಾರ್ಟ್ ಅಟ್ಯಾಕ್, ಲಕ್ವಾದಂಥವು ಮದ್ದಿಲ್ಲದ ಗುಳಿಗೆಯವರಲ್ಲಿ ನೂರಕ್ಕೆ 9.6 ಇದ್ದದ್ದು ಆಸ್ಪಿರಿನ್ ನುಂಗಿದವರಲ್ಲಿ 8.5ಕ್ಕೆ ಇಳಿದಿದ್ದವು. ದೊಡ್ಡ ರಕ್ತಸ್ರಾವ 3.2ರಿಂದ 4.1ಕ್ಕೆ ಏರಿತ್ತು.

ಇದನ್ನೇ "ಅಪಾಯ ಶೇ 12 ಕಡಿಮೆ" ಅಂತ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಬಹುದು. ಸುಳ್ಳೇನಲ್ಲ. ಆದರೆ ಇನ್ನೊಂದು ಲೆಕ್ಕವೂ ಇದೆ: ಸುಮಾರು 90 ಜನ ಏಳು ವರ್ಷ ನುಂಗಿದರೆ ಒಬ್ಬರು ಪಾರು, ಸುಮಾರು 110 ಜನ ನುಂಗಿದರೆ ಒಬ್ಬರಿಗೆ ರಕ್ತಸ್ರಾವ. ಔಷಧ ಕಂಪನಿಯ ಮೆಡಿಕಲ್ ರೆಪ್ ಯಾವ ಕಾಗದ ತಂದರೂ ನಾನು ಮೊದಲು ಹುಡುಕುವುದು ಇದನ್ನೇ. ನೂರರಲ್ಲಿ ಎಷ್ಟಿತ್ತು, ಎಷ್ಟಾಯಿತು?

ಆಮೇಲೆ ಅಲ್ಲಿಯ ಜನ ಮತ್ತು ನನ್ನ ಮುಂದೆ ಕೂತವರು ಒಂದೇನಾ ಅಂತ ನೋಡಬೇಕು. "ಚೀಲ ಸುರುವ್ರಿ" ಅಂದೆ. ನಾನು ಬರೆದ ಗುಳಿಗೆಗಳ ಜೊತೆ ಡೈಕ್ಲೋಫೆನಾಕ್ ಅನ್ನೋ ನೋವಿನ ಗುಳಿಗೆಯ ಸ್ಟ್ರಿಪ್ ಒಂದು ಬಿತ್ತು. ಎಂಟು ಖಾಲಿ, ಎರಡು ಬಾಕಿ. ಮೊಳಕಾಲು ನೋವಿಗೆ ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಕೊಂಡದ್ದು. ತೊಗರಿ ರಾಶಿ ಟೈಮಲ್ಲಿ ದಿನಾ ಎರಡಂತೆ! ಕಿಡ್ನಿಗಂತೂ ಕೆಟ್ಟದ್ದು. ಅದರ ಮೇಲೆ ಆಸ್ಪಿರಿನ್ ಬಿದ್ದರೆ ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರುವ ಭಯ ಜಾಸ್ತಿ. ನಡುರಾತ್ರಿ ರಕ್ತವಾಂತಿ ಆದರೆ ಹೊಲದ ಮನೆಯಿಂದ ಕಲಬುರಗಿಗೆ ಬಂದು, ಹೊಟ್ಟೆಯೊಳಗೆ ನಳಿಕೆ ಬಿಟ್ಟು ನೋಡುವ ಎಂಡೋಸ್ಕೋಪಿ ಮಾಡುವವರು ಸಿಗುವ ಹೊತ್ತಿಗೆ ಬೆಳಗಾಗಿರುತ್ತದೆ. ಅಧ್ಯಯನದ 4.1 ಇವರಿಗೆ ಹೊಂದುವ ಅಂಕಿ ಅಲ್ಲ. ಆಸ್ಪಿರಿನ್ ಬೇಡ ಅಂದೆ.

"ಅಂದ್ರ ಬೀಗರದ್ದೂ ಬಿಡಸಲೇನ್ರಿ?"

ಎದೆ ಧಸಕ್ಕೆಂದಿತು. ಒಮ್ಮೆ ಅಟ್ಯಾಕ್ ಆದವರಿಗೆ ಮತ್ತೆ ಆಗುವ ಸಂಭವವೇ ಹೆಚ್ಚು. ಅಲ್ಲಿ ಆಸ್ಪಿರಿನ್ನಿನ ಲಾಭ ರಕ್ತಸ್ರಾವದ ಭಯಕ್ಕಿಂತ ದೊಡ್ಡದು. ಅವರು ತಾವಾಗಿ ನಿಲ್ಲಿಸಲೇಬಾರದು ಅಂತ ಎರಡು ಸಲ ಹೇಳಿ ಕಳಿಸಿದೆ.

ಡೈಕ್ಲೋಫೆನಾಕ್ ಸ್ಟ್ರಿಪ್ಪನ್ನು ನನ್ನ ಟೇಬಲ್ ಮೇಲೇ ಬಿಟ್ಟು ಹೋದರು. ಮನೆಯಲ್ಲಿ ಇನ್ನೂ ಎರಡು ಇವೆಯಂತೆ.